ಲೆಕ್ಕಕ್ಕೆ ಬಾರದ ಎಂಬತ್ತೆಂಟು

ಎಂಬತ್ತೆಂಟು. ಕ್ಯಾನ್ಸಸ್‌ನ ಆ ಹಾಳು ಗಾಳಿಯಲ್ಲಿ ನಾನು ಹೊಡೆದ ಹೊಡೆತಗಳು ಅಷ್ಟು. ಕಾಲೇಜು ಗಾಲ್ಫ್‌ನಲ್ಲಿ ತಂಡಕ್ಕೆ ಐವರು ಆಡುತ್ತೇವೆ. ಕಡಿಮೆ ಹೊಡೆತದ ನಾಲ್ವರದ್ದನ್ನು ಕೂಡಿಸಿ, ಐದನೆಯವರದ್ದನ್ನು ಕಸಕ್ಕೆ ಎಸೆಯುತ್ತಾರೆ. ಆ ವರ್ಷವೆಲ್ಲ ಕಸ ನನ್ನದೇ.

ನಾನು ಮೊದಲೇ ಆಡಿ ಮುಗಿಸಿ, ಬ್ರೆಡ್ಡು ತಿನ್ನುತ್ತಾ ಹದಿನೇಳನೆಯ ಹೋಲ್ ಪಕ್ಕದ ಮರಗಳ ಕೆಳಗೆ ನಿಂತಿದ್ದೆ. ಮಾರ್ಲಿಯ ಚೆಂಡು ಅಲ್ಲಿಗೇ ಬಂದು ಬಿತ್ತು. ಮಾರ್ಲಿ ನನ್ನ ರೂಮ್‌ಮೇಟ್, ನಮ್ಮ ತಂಡದ ಆಸರೆ, ಕಾಲೇಜಿನಲ್ಲಿ ಅವಳಿಗದು ಕೊನೆಯ ವರ್ಷ. ಚೆಂಡಿಗೆ ತಾಗಿಕೊಂಡಿದ್ದ ಒಣಕಡ್ಡಿಯನ್ನು ಎತ್ತಿ ಆಚೆ ಎಸೆದಳು. ಚೆಂಡು ಅರ್ಧ ಸುತ್ತು ಉರುಳಿತು. ಅವಳ ಕಣ್ಣು ಕಡ್ಡಿಯ ಕಡೆಗಿತ್ತು, ನನ್ನದು ಚೆಂಡಿನ ಮೇಲೆ. ಕೂಗಬಹುದಿತ್ತು. ಬಾಯಿ ತುಂಬ ಬ್ರೆಡ್ಡಿತ್ತು ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟರಲ್ಲಿ ಅವಳು ಹೊಡೆದಾಗಿತ್ತು.

ಜರುಗಿದ ಚೆಂಡನ್ನು ಮೊದಲಿದ್ದ ಜಾಗದಲ್ಲಿಡದೆ ಆಡಿದರೆ ಎರಡು ಹೊಡೆತ ದಂಡ. ಮುಂದಿನ ಹಂತಕ್ಕೆ ಒಂದೇ ತಂಡಕ್ಕೆ ಜಾಗ, ಮತ್ತು ಎಲ್ಲರ ಆಟ ಮುಗಿದಾಗ ನಾವು ಮುಂದಿದ್ದದ್ದು ಒಂದೇ ಹೊಡೆತದಿಂದ.

ಸ್ಕೋರ್ ಕಾರ್ಡಿಗೆ ಸಹಿ ಹಾಕುವ ಡೇರೆಯ ಮುಂದೆ ಮಾರ್ಲಿ ನನ್ನನ್ನು ಪಕ್ಕಕ್ಕೆಳೆದಳು.

"ಲೇ ಜೋಲೀನ್, ನಿಜ ಹೇಳೇ. ಕಡ್ಡಿ ತೆಗ್ದಾಗ ಚೆಂಡು ಜರುಗ್ತಾ? ಯಾಕೋ ಮನಸ್ಸಿಗೆ ಸರಿ ಕಾಣ್ತಿಲ್ಲ. ಜರುಗಿದ್ರೆ ದಂಡ ಬರ್ಕೊಂಡ್ಬಿಡ್ತೀನಿ."

ಅವಳ ಬೆನ್ನ ಹಿಂದೆ ನಮ್ಮ ಕೋಚ್ ಉಗುರು ಕಚ್ಚುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಅವಳ ತಂಡ ಇಷ್ಟು ಹತ್ತಿರ ಬಂದಿರಲಿಲ್ಲ.

"ಇಲ್ಲ ಕಣೇ. ನಾನ್ ನೋಡ್ತಾನೇ ಇದ್ನಲ್ಲ, ಅಲ್ಲಾಡ್ಲೇ ಇಲ್ಲ."

"ಸದ್ಯ! ನೀನ್ ಹೇಳಿದ್ಮೇಲೆ ಮುಗೀತು ಬಿಡು."

ಸಹಿ ಹಾಕಿದಳು.

ವಾಪಸು ಹೊರಟ ವ್ಯಾನಿನಲ್ಲಿ ಹಾಡು, ಕೂಗಾಟ. "ಏನಮ್ಮಾ ಎಂಬತ್ತೆಂಟರ ಮಹಾರಾಣಿ, ಇವತ್ತಿನ್ ಗೆಲುವಲ್ಲಿ ನಿಂದೇನ್ ಪಾಲು?" ಎಂದು ಹಿಂದಿನ ಸೀಟಿನವಳು ಛೇಡಿಸಿದಳು.

"ಸುಮ್ನಿರೇ," ಎಂದಳು ಮಾರ್ಲಿ, ನನ್ನ ಭುಜಕ್ಕೆ ತಲೆಯಿಟ್ಟು. "ಇವಳಿಲ್ದಿದ್ರೆ ನಾನು ಆ ಕಾರ್ಡಿಗೆ ಸಹೀನೇ ಹಾಕ್ತಿರ್ಲಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದು ಲೆಕ್ಕಕ್ಕೆ ಬಂದದ್ದು ನನ್ನ ಒಂದು ಮಾತು. ಭುಜ ಅಲುಗಿಸದೆ ಕುಳಿತೆ. ಊರು ಬರುವವರೆಗೂ ಅವಳು ಅದರ ಮೇಲೆಯೇ ನಿಶ್ಚಿಂತೆಯಿಂದ ನಿದ್ದೆ ಮಾಡಿದಳು.