ಊಟದ ಟ್ಯೂನ್

ಪ್ರೇಮಾನಂದ ಗಿಟಾರ್ ಬಾರಿಸಿದರೆ ಕುಂದಾಪುರದ ಜನಕ್ಕೆ ಹಸಿವಾಗುತ್ತದೆ. ತಮಾಷೆಗೆ ಹೇಳುತ್ತಿಲ್ಲ. ಮೂವತ್ತು ವರ್ಷ ಅವನ ಹಿಂದೆ ಕೂತು ಡ್ರಮ್ ಬಾರಿಸಿದವ ನಾನು, ಕಣ್ಣಾರೆ ಕಂಡದ್ದು.

ಸಣ್ಣ ಪ್ರಾಯದಲ್ಲೇ ಅವನು ಬೊಂಬಾಯಿಗೆ ಹೋಗಿ ಹೋಟೆಲಲ್ಲಿ ಲೋಟ ತೊಳೆಯುತ್ತಿದ್ದ. ಸಂಜೆ ಅಲ್ಲಿಗೆ ಬಾರಿಸಲು ಬರುತ್ತಿದ್ದ ಗೋವಾದ ಗಿಟಾರಿನವನೊಬ್ಬ ಇವನಿಗೆ ಕಲಿಸಿದ. ಅಮೆರಿಕದ ಕಡಲ ತೀರದ ಹುಡುಗರ ಸಂಗೀತವಂತೆ. ಹಾಡುವವರೇ ಇಲ್ಲ, ಬರೀ ಗಿಟಾರು. ತಂತಿ ಮೀಟಿದರೆ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಅದೇ ಗತ್ತಿನಲ್ಲಿ ಪ್ರೇಮಾನಂದ ತನ್ನದೇ ಒಂದು ಟ್ಯೂನ್ ಕಟ್ಟಿದ. ಹುಟ್ಟಿದ್ದು ಮರವಂತೆಯಲ್ಲಿ, ಅಲೆಯ ಸದ್ದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಊರಿಗೆ ಬಂದು ನಮ್ಮ ಆರ್ಕೆಸ್ಟ್ರಾ ಸೇರಿದ ಮೇಲೆ ಆ ಟ್ಯೂನಿನ ಗ್ರಹಚಾರ ಕೆಟ್ಟಿತು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಮದುವೆ ಹಾಲ್‌ಗಳಲ್ಲಿ ನಮ್ಮದೇ ಕಾರ್ಯಕ್ರಮ. ಊಟಕ್ಕೆ ಎಬ್ಬಿಸುವ ಹೊತ್ತಿಗೆ ಹಾಡುವವರಿಗೆ ಬಿಡುವು, ಪ್ರೇಮಾನಂದನಿಗೆ ಸರದಿ. ಮೊದಮೊದಲು ಮೈಕಿನಲ್ಲಿ ‘ಎಲ್ಲರೂ ಊಟಕ್ಕೆ ಬರಬೇಕು’ ಎಂದು ಕರೆಯುತ್ತಿದ್ದರು. ಬರಬರುತ್ತಾ ಕರೆಯುವುದೇ ಬೇಡವಾಯಿತು. ಗಿಟಾರಿನ ನಾಲ್ಕು ಸ್ವರ ಕಿವಿಗೆ ಬಿದ್ದರೆ ಸಾಕು, ಇಡೀ ಹಾಲ್ ಎದ್ದು ಬಾಳೆಲೆಯ ಕಡೆ ನಡೆಯುತ್ತಿತ್ತು. ಊಟದ ಟ್ಯೂನ್ ಎಂದೇ ಹೆಸರಾಯಿತು. ಪ್ರೇಮಾನಂದನಿಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು.

ಡಿಜೆಗಳು ಬಂದು ನಮ್ಮ ಆರ್ಕೆಸ್ಟ್ರಾ ಬಾಗಿಲು ಹಾಕಿತು. ಅವನಿಗೀಗ ಎಪ್ಪತ್ತು ದಾಟಿದೆ, ಬೆರಳ ಗಂಟುಗಳು ಬೆಳಿಗ್ಗೆ ಮಡಚುವುದಿಲ್ಲ. ಹೀಗಿರುವಾಗ ಕಳೆದ ಮೇ ತಿಂಗಳಲ್ಲಿ ಗಂಗೊಳ್ಳಿಯ ರತನ್ ಎಂಬವ ಅವನ ಮನೆಗೆ ಬಂದ, ನಾನೂ ಅಲ್ಲೇ ಇದ್ದೆ. ಮರವಂತೆಯಲ್ಲಿ ಅಲೆಯ ಮೇಲೆ ಹಲಗೆ ಓಡಿಸುವ ಸರ್ಫಿಂಗ್ ಸ್ಪರ್ಧೆ ನಡೆಸುತ್ತಿದ್ದವ.

“ಮಾಮ, ನೀವ್ ಬಾರ್ಸುದು ಸರ್ಫ್ ಮ್ಯೂಸಿಕ್. ಈಗಿನ್ ಹುಡ್ಗ್ರ್ ಅದನ್ನೇ ಹುಡ್ಕಂಡ್ ಕೇಂತ್ರ್. ನಮ್ ಸ್ಪರ್ಧೆಗೆ ನೀವೇ ಬರ್ಕ್. ಬೇಸ್ ಗಿಟಾರ್ ನಾ ಹಿಡ್ಕಂತೆ” ಎಂದ.

ರತನ್ ಹೋದ ಮೇಲೆ ಪ್ರೇಮಾನಂದ ನನ್ನ ಕೈ ಹಿಡಿದುಕೊಂಡ. “ಕಿಟ್ಟ, ಒಂದೇ ಒಂದ್ ಸಲ ಜನ ಕೂಕಂಡ್ ಕೇಣ್ಕ್ ಮಾರಾಯ. ಯಾರೂ ಏಳೂಕಾಗ. ಅಷ್ಟಾರೆ ಸಾಕ್ ನಂಗೆ.”

ಜನ ಕೂತು ಕೇಳಬೇಕೆಂಬ ಆಸೆ ಹೊತ್ತ ಆ ಮುಖ ಕಂಡ ಮೇಲೆ ಬರುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಸ್ಪರ್ಧೆಯ ದಿನ ನಮ್ಮನ್ನು ವೇದಿಕೆ ಹತ್ತಿಸಿದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಯಾವ ಪುಣ್ಯಾತ್ಮ ಆ ಹೊತ್ತು ಗೊತ್ತು ಮಾಡಿದನೋ! ಶಾಮಿಯಾನದ ತುಂಬ ಜನ, ಪಕ್ಕದಲ್ಲೇ ಕೋಳಿ ಸಾರಿನ ಪರಿಮಳ. ರತನ್ ಮೈಕಿನಲ್ಲಿ ಪ್ರೇಮಾನಂದನನ್ನು ಹೊಗಳಿದ, ಚಪ್ಪಾಳೆ ಬಿತ್ತು. ಪ್ರೇಮಾನಂದ ಕಣ್ಣು ಮುಚ್ಚಿ ತಂತಿಗೆ ಕೈ ಹಾಕಿದ.

ನಾಲ್ಕು ಸ್ವರ. ಮುಂದಿನ ಸಾಲಿನ ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದರು. ಅವರ ಹಿಂದೆ ಗಂಡಸರು, ಗಂಡಸರ ಹಿಂದೆ ಮಕ್ಕಳು. ಬೇರೆ ಊರುಗಳಿಂದ ಬಂದ ಸರ್ಫಿಂಗ್ ಹುಡುಗರು ಏನೊಂದೂ ತಿಳಿಯದೆ, ಎಲ್ಲರೂ ಹೋಗುತ್ತಿದ್ದಾರಲ್ಲ ಎಂದು ತಾವೂ ಹೊರಟರು.

ರತನ್ ಬೇಸ್ ಗಿಟಾರ್ ಕೆಳಗಿಟ್ಟು ಓಡಿದ. “ಹ್ವಾಯ್, ಕೂಕಣಿ! ಊಟಕ್ ಇನ್ನೂ ಹೊತ್ತಿತ್!”

ಯಾರು ಕೇಳುತ್ತಾರೆ? ಅನ್ನ ಇನ್ನೂ ಬಸಿದಿರಲಿಲ್ಲ; ಅಡಿಗೆಯವರು ಸೌಟು ಹಿಡಿದು ದಿಕ್ಕೆಟ್ಟು ನಿಂತಿದ್ದರು.

ಪ್ರೇಮಾನಂದ ಕಣ್ಣು ಬಿಟ್ಟು ನೋಡಿದ. ಇನ್ನು ನಿಲ್ಲಿಸುತ್ತಾನೆ ಎಂದುಕೊಂಡೆ. ನಿಲ್ಲಿಸಲಿಲ್ಲ. ಖಾಲಿ ಕುರ್ಚಿಗಳ ಎದುರು ಬಾರಿಸುತ್ತಲೇ ಹೋದ.

ಹಾಲ್ ಖಾಲಿಯಾದ ಕೂಡಲೇ ನಾನು ಡ್ರಮ್ ಉರುಳಿಸಿ ಮುಗಿಸುವುದು, ನಾವೂ ಪಂಕ್ತಿಗೆ ಓಡುವುದು ನಮ್ಮ ಹಳೇ ರೂಢಿ. ಕೈ ತನ್ನಷ್ಟಕ್ಕೆ ಮೇಲೆದ್ದಿತು. ಪ್ರೇಮಾನಂದ ಹಿಂದೆ ತಿರುಗಿ ತಲೆ ಅಲ್ಲಾಡಿಸಿದ. ಟ್ಯೂನ್ ಅಲ್ಲಿಂದ ಬೇರೆಯೇ ದಿಕ್ಕಿಗೆ ಹೊರಳಿತು. ಓಟ ಬಿಟ್ಟು ಮೆಲ್ಲಗಾಯಿತು, ಅಲೆ ಹಿಂದೆ ಸರಿಯುವಾಗ ಮರಳು ಎಳೆದುಕೊಂಡು ಹೋಗುವ ಹಾಗೆ. ಇದಕ್ಕೆ ಇನ್ನೊಂದರ್ಧ ಇದೆಯೆಂದು ಇಷ್ಟು ವರ್ಷ ಜೊತೆಗಿದ್ದ ನನಗೇ ಗೊತ್ತಿರಲಿಲ್ಲ. ಎಲ್ಲಿ ಪೆಟ್ಟು ಹಾಕಬೇಕೆಂದೂ ತಿಳಿಯಲಿಲ್ಲ. ಕೋಲುಗಳನ್ನು ತೊಡೆಯ ಮೇಲಿಟ್ಟು ಕೂತೆ. ಬಹಳ ಚೆನ್ನಾಗಿತ್ತು. ಕಣ್ಣಲ್ಲಿ ನೀರು ಬಂತು.

ಕೊನೆಯ ಸ್ವರ ಮುಗಿದ ಮೇಲೆ ಪ್ರೇಮಾನಂದ ಸಿಟ್ಟಿನಿಂದ ನನ್ನ ಕಡೆ ತಿರುಗಿದ.

“ಡ್ರಮ್ ಎಂತಕೆ ಬಿಟ್ಟದ್ದಾ?”

“ಕೂಕಂಡ್ ಕೇಂತಾ ಇದ್ದಿದ್ದೆ” ಅಂದೆ.

ಅವನು ನನ್ನ ತೊಡೆಯ ಮೇಲಿದ್ದ ಕೋಲುಗಳನ್ನು ನೋಡಿದ. ಆಮೇಲೆ, ಏನೋ ಸಾಲ ಕೇಳುವವನ ಹಾಗೆ ದನಿ ತಗ್ಗಿಸಿ ಕೇಳಿದ: “ಇನ್ನೊಂದ್ ಸಲ ಬಾರ್ಸ್‌ಕಾ?”