ಟ್ವೈಲಾ ಕೇಳಬೇಕೆಂದ ಹಾಡು

ಸೆಪ್ಟೆಂಬರಿನ ಆ ಶನಿವಾರ ಮಧ್ಯಾಹ್ನ ಲೊರೀನ್ ಕಾಂಬ್ಸ್ ನದಿಬಯಲಿನ ಹುಲ್ಲಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಅರೆನಿದ್ದೆಯಲ್ಲಿದ್ದಳು. ಟಿಕೆಟ್ಟಿಲ್ಲದ, ಬೇಲಿಯಿಲ್ಲದ ಉತ್ಸವ ಅದು. ಕೆಂಟಕಿಯ ಆ ಬೆಟ್ಟಗಳ ಸಂದುಗೊಂದುಗಳಿಂದ ಜನ ಕಂಬಳಿ, ಮಕ್ಕಳು, ನಾಯಿಗಳ ಸಮೇತ ಬೆಳಿಗ್ಗೆಯೇ ಬಂದು ಬೀಡುಬಿಟ್ಟಿದ್ದರು. ವೇದಿಕೆಯ ಮೇಲೆ ಯಾರೋ ಬ್ಯಾಂಜೊ ಮೀಟುತ್ತಿದ್ದರು. ಆ ನಾದ ಬಿಸಿಲಿನಲ್ಲಿ ತೇಲಿಹೋಗಿ, ಆಚೆ ದಡದ ಬೆಟ್ಟಕ್ಕೆ ತಾಗಿ, ಕೊಂಚ ತಡವಾಗಿ, ಕೊಂಚ ಮೆತ್ತಗಾಗಿ ಹಿಂತಿರುಗುತ್ತಿತ್ತು. ಕಣ್ಣು ಮುಚ್ಚಿದ್ದ ಲೊರೀನ್‌ಗೆ ಬ್ಯಾಂಜೊ ನುಡಿಸಿದ್ದು ಯಾವುದು, ಬೆಟ್ಟ ನುಡಿದದ್ದು ಯಾವುದು ಎಂದು ತಿಳಿಯುತ್ತಿರಲಿಲ್ಲ. ತಿಳಿಯಬೇಕೆಂದೂ ಅನ್ನಿಸಿರಲಿಲ್ಲ.

"ಮಲಗಿದ್ದೀರಾ?"

ಕಣ್ಣು ತೆರೆದರೆ ಎದುರಿಗೆ ಟ್ವೈಲಾ. ಎಸ್ಟಿಲ್‌ನ ಹೆಂಡತಿ. ಎಸ್ಟಿಲ್ ಒಂದು ಕಾಲಕ್ಕೆ ಲೊರೀನ್‌ಳ ಗಂಡನಾಗಿದ್ದವನು. ಬೇರೆಯಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಚಿಕ್ಕ ಊರು; ಅಂಗಡಿಯಲ್ಲೋ ಸಾವಿನ ಮನೆಯಲ್ಲೋ ಎದುರಾದಾಗ ಹೆಂಗಸರಿಬ್ಬರೂ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು, ಅಷ್ಟೆ. ಈಗ ಟ್ವೈಲಾಳ ಕೈಯಲ್ಲಿ ಕಾಗದದ ತಟ್ಟೆ, ಅದರಲ್ಲಿ ಆಗಷ್ಟೇ ಕರಿದ ಸೇಬಿನ ಕಡುಬು.

"ಮೊದಲು ತಿನ್ನಿ. ಕೇಳೋದು ಆಮೇಲೆ ಕೇಳ್ತೀನಿ."

"ಲಂಚಾನಾ?"

"ಹೂಂ, ಲಂಚಾನೇ," ಎಂದು ಟ್ವೈಲಾ ಹುಲ್ಲಿನ ಮೇಲೆ ಕೂತಳು.

ಲೊರೀನ್ ಮತ್ತು ಎಸ್ಟಿಲ್ ಒಂದು ಕಾಲದಲ್ಲಿ ಆ ಸೀಮೆಗೆಲ್ಲ ಹೆಸರಾದ ಜೋಡಿ. ಚರ್ಚುಗಳಲ್ಲಿ, ಶಾಲೆಯ ಅಂಗಳಗಳಲ್ಲಿ, ಊರಿನ ರೇಡಿಯೊದಲ್ಲಿ ಹಾಡುತ್ತಿದ್ದರು. ಹಾಡಿನ ದಾರಿ ಹಿಡಿಯುವುದು ಅವನು, ಅದರ ಮೇಲೆ ಎತ್ತರದ ದನಿಯಲ್ಲಿ ಜೊತೆಗೂಡುವುದು ಇವಳು. ಒಂದೇ ಗಂಟಲಿನಿಂದ ಬಂದಂತಿದೆ ಎಂದು ಜನ ಹೇಳುತ್ತಿದ್ದರು. ಆದರೆ ಮನೆಗೆ ಬಂದು ಗಿಟಾರನ್ನು ಗೋಡೆಗೆ ಒರಗಿಸಿದ ಮೇಲೆ ಇಬ್ಬರಿಗೂ ಆಡಲು ಮಾತೇ ಇರುತ್ತಿರಲಿಲ್ಲ. ಜಗಳವಿಲ್ಲ, ನಡುವೆ ಮೂರನೆಯವರಿಲ್ಲ, ಬರೀ ಮೌನ. ಒಂದು ದಿನ ಆ ಮೌನ ಮನೆ ತುಂಬಿಕೊಂಡು ಇಬ್ಬರಿಗೂ ಜಾಗವಿಲ್ಲದಂತಾಯಿತು. ಅಂದಿನಿಂದ ಇಬ್ಬರೂ ಹಾಡಿರಲಿಲ್ಲ.

ಟ್ವೈಲಾ ಹುಲ್ಲು ಕೀಳುತ್ತ ಹೇಳಿದಳು. "ಇಷ್ಟು ವರ್ಷ ಜೊತೆಗಿದ್ದೀನಿ, ಒಂದು ಸಲಾನೂ ಅವರು ಹಾಡಿಲ್ಲ. ಗಡ್ಡ ಮಾಡ್ಕೊಳ್ವಾಗ ಗುನುಗೋದೂ ಇಲ್ಲ. ಅಂಗಡಿಗೆ ಹೋದ್ರೆ ಮುದುಕೀರು ನನ್ನ ಕೈ ಹಿಡ್ಕೊಂಡು, ಎಸ್ಟಿಲ್ ಹಾಡಿದ್ದು ನೀನು ಕೇಳ್ಬೇಕಿತ್ತು ಕಣಮ್ಮ ಅಂತಾರೆ. ನನ್ನ ಗಂಡನ ವಿಷಯ ನನಗೇ ಹೇಳ್ತಾರೆ."

"ಅವನನ್ನೇ ಕೇಳಬೇಕಪ್ಪ."

"ಕೇಳ್ದೆ. ಮೇಲಿನ ದನಿ ಇಲ್ದೆ ಹಾಡೋದು ಒಂದೇ ಕಾಲಿಗೆ ಬೂಟು ಹಾಕ್ಕೊಂಡು ನಡೆದ ಹಾಗೆ ಅಂದ್ರು."

ಆಮೇಲೆ ದನಿ ತಗ್ಗಿಸಿ ಉಳಿದದ್ದನ್ನೂ ಹೇಳಿದಳು. ವರ್ಷಗಟ್ಟಲೆ ದುಡಿದ ಕಲ್ಲಿದ್ದಲು ಗಣಿಯ ಧೂಳು ಎಸ್ಟಿಲ್‌ನ ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಈ ಚಳಿಗಾಲದಿಂದ ಮೂಗಿಗೆ ಆಮ್ಲಜನಕದ ನಳಿಗೆ ಹಾಕಬೇಕಾಗಬಹುದೆಂದು ಡಾಕ್ಟರು ಹೇಳಿದ್ದರು.

"ಈಗ ಬಿಟ್ರೆ ಆಮೇಲಿಲ್ಲ. ಒಂದೇ ಒಂದು ಸಲ ಅವರ ಜೊತೆ ಹಾಡಿ," ಎಂದಳು ಟ್ವೈಲಾ.

ಲೊರೀನ್ ಬೆರಳಿಗಂಟಿದ ಸಕ್ಕರೆಯನ್ನು ಒರೆಸಿಕೊಂಡಳು. "ನಿಂಗೆ ಹೊಟ್ಟೆಕಿಚ್ಚಾಗಲ್ವೇನೇ?"

"ಆಗುತ್ತೆ. ಆದ್ರೂ ಕೇಳ್ಬೇಕು."

ಇಬ್ಬರೂ ಎದ್ದು ಮರಗಳ ಕಡೆ ನಡೆದರು. ಅಲ್ಲಿ ನಿಂತ ಪಿಕಪ್ ಗಾಡಿಗಳ ನಡುವೆ, ವೇದಿಕೆ ಹತ್ತದ ಜನ ತಮ್ಮ ಪಾಡಿಗೆ ಗುಂಪುಗೂಡಿ ನುಡಿಸುತ್ತಿದ್ದರು. ಒಂದು ಗುಂಪಿನ ಪಿಟೀಲು ಕಿವಿಯಿಂದ ಜಾರುವ ಮೊದಲೇ ಮುಂದಿನ ಗುಂಪಿನ ಮ್ಯಾಂಡೊಲಿನ್ ಬಂದು ಸೇರುತ್ತಿತ್ತು. ಎರಡು ಹಾಡುಗಳ ನಡುವಿನ ಜಾಗದಲ್ಲಿ, ಎಲೆಗಳ ನೆರಳು ಅಲ್ಲಾಡುವ ನೆಲದ ಮೇಲೆ, ಲೊರೀನ್‌ಗೆ ತಾನು ನಡೆಯುತ್ತಿದ್ದೇನೋ ನೀರಿನೊಳಗೆ ತೇಲುತ್ತಿದ್ದೇನೋ ಎಂದು ಅನುಮಾನವಾಯಿತು. ಯಾವುದೋ ಹೆಂಗಸು ಮಗುವನ್ನು ಭುಜಕ್ಕೆ ಹಾಕಿಕೊಂಡು ತಾಳಕ್ಕೆ ಸರಿಯಾಗಿ ಬೆನ್ನು ತಟ್ಟುತ್ತಿದ್ದಳು. ಆ ಹೆಂಗಸು ತಾನೇ ಇರಬಹುದು ಎಂದು ಒಂದು ಗಳಿಗೆ ಅನ್ನಿಸಿತು. ಲೊರೀನ್‌ಗೆ ಮಕ್ಕಳಿರಲಿಲ್ಲ.

ಎಸ್ಟಿಲ್ ತನ್ನ ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು, ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇಬ್ಬರು ಒಟ್ಟಿಗೆ ಬರುವುದನ್ನು ನೋಡಿ ಅವನಿಗೆ ಎಲ್ಲ ಅರ್ಥವಾಯಿತು.

"ಗಂಟಲು ಇನ್ನೂ ಇದೆಯೇನೇ?" ಎಂದ.

"ನಿನ್ನ ಉಸಿರಿಗಿಂತ ಜಾಸ್ತಿ ಇದೆ."

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, ಯಾವ ಹಾಡು ಎಂದು ಕೇಳದೆಯೇ ಅವನ ಬೆರಳು ತಂತಿಯ ಮೇಲೆ ಹೋಯಿತು. ಅವನ ಅಜ್ಜಿ ಕಲಿಸಿದ ಹಾಡು: ಮಂಜಿನಲ್ಲಿ ದೋಣಿ ನಡೆಸುವ ಹುಡುಗಿ, ದಡ ಕಾಣದಿದ್ದರೂ ಆಚೆಯಿಂದ ಕರೆಯುವ ದನಿಯ ಗುರುತು ಹಿಡಿದು ಹೋಗುತ್ತಾಳೆ.

ಅವನು ಮೊದಲ ಸಾಲು ತೆಗೆದ. ದನಿ ಒಣಗಿತ್ತು, ಆದರೆ ಅದೇ ದನಿ. ಎರಡನೆಯ ಸಾಲಿಗೆ ಲೊರೀನ್ ಬಾಯಿ ತೆರೆದಳು. ಹುಡುಕಬೇಕಾಗಲಿಲ್ಲ, ಸ್ವರ ಅಲ್ಲೇ ಇತ್ತು, ಅವನ ದನಿಯ ಮೇಲ್ಗಡೆ, ಇಷ್ಟು ವರ್ಷ ಯಾರೂ ಕೂರದ ಜಾಗದಲ್ಲಿ. ಸುತ್ತಲಿನ ಗುಂಪುಗಳು ಒಂದೊಂದಾಗಿ ಸುಮ್ಮನಾದವು. ಅವಳು ಎಸ್ಟಿಲ್‌ನ ಮುಖ ನೋಡಲಿಲ್ಲ, ಅವನ ಎದೆಯ ಏರಿಳಿತವನ್ನಷ್ಟೇ ನೋಡುತ್ತಿದ್ದಳು.

ಮೂರನೆಯ ಚರಣದಲ್ಲಿ ಆ ಎದೆ ಏರಲಿಲ್ಲ. ಅವನ ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಬೆರಳು ಮಾತ್ರ ನುಡಿಸುತ್ತಲೇ ಇತ್ತು. ಲೊರೀನ್ ಯೋಚಿಸುವಷ್ಟರಲ್ಲಿ ಅವಳ ದನಿ ಮೇಲಿನಿಂದ ಕೆಳಗಿಳಿದು ಅವನ ದಾರಿಯಲ್ಲಿ ನಡೆಯತೊಡಗಿತ್ತು. ಆ ದಾರಿಯನ್ನು ಅವಳು ಎಂದೂ ಹಾಡಿರಲಿಲ್ಲ. ಹಾಡುತ್ತ ಹೋದಂತೆ ಅದೆಷ್ಟು ಒಂಟಿ ದಾರಿಯೆಂದು ತಿಳಿಯಿತು. ಅವಳ ಸ್ವರಕ್ಕೆ ಮೇಲೆ ಹಾರಾಡುವುದಷ್ಟೇ ಕೆಲಸವಾಗಿತ್ತು; ಕೆಳಗೆ ಅವನೊಬ್ಬನೇ ಇಡೀ ಭಾರ ಹೊತ್ತು ನಡೆದಿದ್ದ. ಮನೆಯ ಮೌನದಲ್ಲೂ ಹೀಗೇ ನಡೆದಿದ್ದನೋ ಏನೋ. ಅವಳು ಆಗ ಕೇಳಿರಲಿಲ್ಲ.

ಕೊನೆಯ ಎರಡು ಸಾಲಿಗೆ ಅವನು ಹಿಂತಿರುಗಿದ. ತನ್ನ ಜಾಗ ಕೇಳಲಿಲ್ಲ. ಅವಳ ದನಿಯ ಕೆಳಗೆ ಮೆಲ್ಲಗೆ, ಬಹುತೇಕ ಉಸಿರಿನಷ್ಟೇ ಸಣ್ಣಗೆ, ಜೊತೆಯಾದ.

ಹಾಡು ಮುಗಿಯಿತು. ನದಿಯ ಸದ್ದು ಕೇಳಿಸಿತು.

ಎಸ್ಟಿಲ್ ಇನ್ನೊಂದು ಹಾಡೋಣವೇ ಎಂದು ಕೇಳಿದ. ಲೊರೀನ್ ಬೇಡವೆಂದಳು. ಅವನ ಮೊಣಕಾಲಿನ ಮೇಲೆ ಒಂದು ಕ್ಷಣ ಕೈಯಿಟ್ಟು ತೆಗೆದಳು.

ಟ್ವೈಲಾ ಮರಕ್ಕೊರಗಿ ನಿಂತಿದ್ದಳು. ಮುಖ ಒದ್ದೆಯಾಗಿತ್ತು, ಆದರೆ ದುಃಖದಂತೆ ಕಾಣಲಿಲ್ಲ. "ಕೇಳಿಸ್ಕೊಂಡ್ರೆ ಅವರು ನಿಮ್ಮವರಾಗಿಬಿಡ್ತಾರೆ ಅಂತ ಹೆದರಿದ್ದೆ," ಎಂದಳು. "ಈಗ ಅವರು ಇನ್ನೂ ಸ್ವಲ್ಪ ನನಗೆ ಸಿಕ್ಕಿದ ಹಾಗಾಯ್ತು."

ಅಷ್ಟರಲ್ಲಿ ವೇದಿಕೆಯಿಂದ ಚುರುಕಾದ ಪಿಟೀಲು ಶುರುವಾಯಿತು. ವೇದಿಕೆಯ ಮುಂದೆ ಕುಣಿಯುವವರಿಗೆಂದು ಹಾಸಿದ್ದ ಹಲಗೆಗಳ ಮೇಲೆ ಬೂಟುಗಳ ಟಕಟಕ ಎದ್ದಿತು.

"ಬಾ ಅಕ್ಕ," ಎಂದಳು ಟ್ವೈಲಾ. ಆವರೆಗೂ ಅವಳು ಲೊರೀನ್‌ಳನ್ನು ಹಾಗೆ ಕರೆದಿರಲಿಲ್ಲ.

"ನನ್ನ ಮಂಡಿ ನೋಯುತ್ತೆ ಮಾರಾಯ್ತಿ."

"ನಂದೂ ನೋಯುತ್ತೆ."

ಇಬ್ಬರೂ ಕೈ ಹಿಡಿದುಕೊಂಡು ಹುಲ್ಲು ದಾಟಿ ಹೋಗಿ ಹಲಗೆ ಹತ್ತಿದರು. ಸಂಜೆಯ ಬಿಸಿಲಿಗೆ ಹಲಗೆ ಇನ್ನೂ ಬೆಚ್ಚಗಿತ್ತು. ಲೊರೀನ್ ಹಿಮ್ಮಡಿ ಕುಟ್ಟಿದಳು, ಮುಂಗಾಲು ಜಾರಿಸಿದಳು. ಮೈಗೆ ಕುಣಿತ ಮರೆತಿರಲಿಲ್ಲ. ಗಾಡಿಯ ಹಿಂಬದಿಯಲ್ಲೇ ಕೂತಿದ್ದ ಎಸ್ಟಿಲ್ ಇಬ್ಬರಲ್ಲಿ ಯಾರನ್ನು ನೋಡುತ್ತಿದ್ದಾನೆಂದು ಅಷ್ಟು ದೂರದಿಂದ ಗೊತ್ತಾಗುತ್ತಿರಲಿಲ್ಲ. ಲೊರೀನ್ ಅದನ್ನು ಕಂಡುಹಿಡಿಯಲು ಹೋಗಲಿಲ್ಲ. ಪಿಟೀಲು ಬೇಗ ಬೇಗ ಓಡುತ್ತಿತ್ತು, ಅವಳ ಕಾಲು ಅದರ ಹಿಂದೆ ಓಡಿತು.