ಉಪ್ಪಿನಕಾಯಿ ಶೆಡ್ ಎಲ್ಲಿ ಹಾಕೋಣ?

ಝಳಕಿ ಹತ್ತಿರದ ಆ ಊರಿನಲ್ಲಿ ನಿಂಬೆಗೇನೂ ಕೊರತೆಯಿಲ್ಲ. ತಾಪತ್ರಯವೆಲ್ಲ ದಾರಿಯದು. ಊರಿಗೂ ಹೆದ್ದಾರಿಗೂ ನಡುವೆ ಒಂದು ಹಳ್ಳ. ಮಳೆ ಬಿದ್ದರೆ ಸಾಕು, ಎರೆಮಣ್ಣು ಗಾಲಿಯನ್ನು ಕಚ್ಚಿ ಹಿಡಿಯುತ್ತದೆ.

ಮಹಿಳಾ ಸಂಘದವರು ನಿಂಬೆ ಉಪ್ಪಿನಕಾಯಿ ಘಟಕ ಮಾಡೋಣವೆಂದಾಗ ಗುಂಡವ್ವನಿಗೆ ಹಿಡಿಸಲಾರದಷ್ಟು ಖುಷಿ.

"ಶೆಡ್ ನಮ್ಮ ಹೊಲದಾಗ ಹಾಕ್ರಿ. ಜಾಗ ಪುಕ್ಕಟೆ ಕೊಡ್ತೇನಿ!"

ಸೊಸೆ ಕೋಮಲಳಿಗೆ ಎಳೆಗೂಸು. ಮನೆ ಮುಂದೆಯೇ ಕೆಲಸ ಸಿಕ್ಕರೆ ಮತ್ತೇನು ಬೇಕು? ಗುಂಡವ್ವ ಅದನ್ನೇ ಕನಸು ಕಂಡಿದ್ದಳು.

ಸಂಘದ ರಾಜಶ್ರೀ ಒಪ್ಪಲಿಲ್ಲ. ಮದುವೆಗೆ ಮುಂಚೆ ಸೊಲ್ಲಾಪುರದ ಉಪ್ಪಿನಕಾಯಿ ಫ್ಯಾಕ್ಟರಿಯೊಂದರಲ್ಲಿ ದುಡಿದವಳು ಅವಳು.

"ಬ್ಯಾಡ್ರಿ ಅತ್ತಿ. ಹೆದ್ದಾರಿ ಕ್ರಾಸಿನ್ಯಾಗ ಪಂಚಾಯ್ತಿ ಶೆಡ್ ಖಾಲಿ ಐತಿ. ನೀರು, ಕರೆಂಟು ಎಲ್ಲಾ ಐತಿ. ಬಾಡಿಗಿಗೆ ಕೇಳೂಣು."

"ನಿಂಬಿಕಾಯಿ ಇಲ್ಲಿ, ದುಡಿಯೋ ಕೈ ಇಲ್ಲಿ. ಶೆಡ್ ಯಾಕ ಅಲ್ಲಿ?"

"ನಿಂಬಿಕಾಯಿ ಚೀಲದಾಗ ಕುಲುಕಾಡ್ಕೋತ ಬಂದ್ರೂ ಏನೂ ಆಗಂಗಿಲ್ರಿ. ಗಾಜಿನ ಬಾಟ್ಲಿ ಹಂಗಲ್ಲ. ಖಾಲಿ ಬರಬೇಕು, ತುಂಬಿ ಹೋಗಬೇಕು. ಎರಡೂ ಸಲ ಹಳ್ಳ ದಾಟಬೇಕು."

"ದಾಟ್ತಾವ ತಗೊ! ತರಿಸು ಬಾಟ್ಲಿ, ನೋಡೇಬಿಡೂಣು!"

ಆ ರಾತ್ರಿ ಮಳೆ ಬಿತ್ತು. ಮರುದಿನ ಕುತುಬುದ್ದೀನನ ಟೆಂಪೋ ಬಾಟ್ಲಿ ಹೇರಿಕೊಂಡು ಬಂತು. ಕ್ರಾಸಿನಲ್ಲಿ ಗುಂಡವ್ವ ತಾನೇ ಹತ್ತಿ ಮುಂದೆ ಕುಂತಳು. ಹಳ್ಳಕ್ಕಿಳಿದದ್ದೇ ತಡ, ಟೆಂಪೋ ಒಂದು ಕಡೆ ವಾಲಿತು. ಹಿಂದಿನಿಂದ ಛಳ್ ಅಂತ ಸದ್ದು. ಇಳಿದು ನೋಡಿದರೆ ಬಾಕ್ಸಿನ ತುಂಬ ಗಾಜಿನ ಚೂರು. ದಂಡೆಯಲ್ಲಿ ಕಾಯುತ್ತಿದ್ದ ಸಂಘದ ಹೆಂಗಸರೆಲ್ಲ ಸೀರೆ ಎತ್ತಿ ಕಟ್ಟಿ, ನಕ್ಕೋತ ಗಾಡಿ ನೂಕಿದರು. ಗುಂಡವ್ವನಿಗೆ ಮಾತ್ರ ನಗು ಬರಲಿಲ್ಲ.

"ಮಳಿಗಾಲದಾಗ ನಾ ಈ ಕಡೆ ಬರಂಗಿಲ್ಲ ನೋಡವಾ," ಅಂದ ಕುತುಬುದ್ದೀನ.

ಮೊಣಕಾಲುದ್ದ ಕೆಸರಿನಲ್ಲಿ ನಿಂತು ಗುಂಡವ್ವ ಹೆದ್ದಾರಿ ಕಡೆ ನೋಡಿದಳು. ಅಲ್ಲಿ ಲಾರಿಗಳು ಒಂದರ ಹಿಂದೊಂದು ಸರಾಗ ಓಡುತ್ತಿದ್ದವು.

"ರಾಜಶ್ರೀ, ನಮ್ಮೂರಿಗೆ ಒಂದೂ ಫ್ಯಾಕ್ಟರಿ ಬರಲಿಲ್ಲಂತ ಎಲ್ಲಾರಿಗೂ ಬೈತಿದ್ನಿ. ಬರಾಕ ದಾರಿನ ಇಲ್ಲಲ್ಲ! ಕ್ರಾಸಿನ್ಯಾಗ ಶೆಡ್ ಹಿಡಿ. ಆದ್ರ ಕೋಮಲನ ಕೂಸು?"

"ಶೆಡ್ಡಿನ್ಯಾಗ ತೊಟ್ಟಿಲ ಕಟ್ಟೂಣ್ರಿ. ಹಳ್ಳ ದಾಟಿದ್ರ ಟಂಟಂ ಆಟೋ ಸಿಗ್ತಾವ. ನಿಂಬಿಕಾಯಿ ಟ್ರ್ಯಾಕ್ಟರಿನ್ಯಾಗ ಬರ್ತಾವ."

ಹಾಗೇ ಆಯಿತು. ಮೊದಲ ಲೋಡು ಹೊರಟ ದಿನ ಜಿಟಿಜಿಟಿ ಮಳೆ. ಆದರೂ ಲಾರಿ ಶೆಡ್ಡಿನ ಬಾಗಿಲಿಗೇ ಬಂದು ನಿಂತಿತು. ವಿಜಯಪುರಕ್ಕೆ ಅರ್ಧ, ಸೊಲ್ಲಾಪುರಕ್ಕೆ ಅರ್ಧ. ಕೋಮಲ ಕೊನೆಯ ಬಾಕ್ಸ್ ಎತ್ತಿ ಕೊಟ್ಟಾಗ ಗುಂಡವ್ವ ಕೂಸನ್ನು ಮೇಲೆತ್ತಿ ಕೂಗಿದಳು, "ನೋಡೋ, ನಿಮ್ಮವ್ವನ ಮಾಲು ಹೊಂಟೈತಿ!" ಆಮೇಲೆ ಸಂಘದವರ ಕಡೆ ತಿರುಗಿದಳು. "ಬರೋ ಗ್ರಾಮಸಭಾದಾಗ ಹಳ್ಳಕ್ಕ ಸೇತುವೆ ಕೇಳೂಣು. ಎಲ್ಲಾರೂ ಬರಬೇಕು ಮತ್ತ!"

ಅಕ್ಕಂದಿರೇ, ಅಣ್ಣಂದಿರೇ, ನೀವೂ ಸಣ್ಣದೊಂದು ಉದ್ಯಮದ ವಿಚಾರದಲ್ಲಿದ್ದೀರಾ? ಪುಕ್ಕಟೆ ಜಾಗ ಸಿಕ್ಕಿತೆಂದು ಬುನಾದಿ ತೋಡಬೇಡಿ. ಮೊದಲು ಮಾಲು ತುಂಬಿದ ಗಾಡಿಯಲ್ಲಿ ಕುಳಿತು, ಮಳೆಗಾಲದಲ್ಲೇ ಒಮ್ಮೆ ಆ ದಾರಿಯಲ್ಲಿ ಹೋಗಿ ಬನ್ನಿ. ನೀರು, ಕರೆಂಟು ವಿಚಾರಿಸಿ. ದಾರಿ ಸರಿಯಿಲ್ಲವೆಂದರೆ ಸುಮ್ಮನೆ ಕೂರಬೇಡಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ನಿಮ್ಮ ಕೈಯ ಮಾಲು ನಾಲ್ಕೂರು ಕಾಣಲಿ.